ಸ್ಕ್ವಿಡ್ ಗೇಮ್: ಇಷ್ಟೊಂದು ರಕ್ತ ಹರಿಯುವ ಸರಣಿ ಪ್ರಪಂಚಕ್ಕೆಲ್ಲ ಯಾಕೆ ಹಿಡಿಸಿತು?

ತುಂಗಾತೀರ
ಸ್ಕ್ವಿಡ್ ಗೇಮ್ ಅಂದರೆ ಸಾಲದಲ್ಲಿ ಮುಳುಗಿದ 456 ಜನ ದೊಡ್ಡ ಬಹುಮಾನಕ್ಕಾಗಿ ಮಕ್ಕಳ ಆಟ ಆಡುವ, ಸೋತರೆ ಸಾಯುವ ಕೊರಿಯಾದ ನೆಟ್‌ಫ್ಲಿಕ್ಸ್ ಸರಣಿ. ಮೂರೂ ಸೀಸನ್ ಮುಗಿದವು. ಗಲಾಟೆಯೂ ಸ್ವಲ್ಪ ತಣ್ಣಗಾಗಿದೆ. ಈಗ ಸಮಾಧಾನವಾಗಿ ಮಾತಾಡಬಹುದು ಅನ್ನಿಸಿ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಮೊದಲ ಸೀಸನ್ ಬಂದದ್ದು 2021ರ ಸೆಪ್ಟೆಂಬರ್ 17ಕ್ಕೆ. ನಾಲ್ಕು ವಾರದಲ್ಲಿ 14.2 ಕೋಟಿ ಮನೆಗಳಲ್ಲಿ ನೋಡಿದ್ದಾರೆ, 94 ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಬಂತು ಅಂತ ನೆಟ್‌ಫ್ಲಿಕ್ಸ್ ಹೇಳಿತು. ಗೊಂಬೆ ತಿರುಗಿ ನೋಡುವಾಗ ಅಲ್ಲಾಡಿದರೆ ಗುಂಡು ಅನ್ನುವ ಮೊದಲ ಆಟದಲ್ಲೇ 456 ಜನರಲ್ಲಿ 255 ಜನ ಸಾಯುತ್ತಾರೆ. ಇದನ್ನು ತಟ್ಟೆಯಲ್ಲಿ ಅನ್ನ ಸಾರು ಹಾಕಿಕೊಂಡು ನೋಡಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಜನಕ್ಕೆ ರಕ್ತದ ಚಟ ಅಂತ ಹೇಳಿ ಮುಗಿಸುವವರು ಜಾಸ್ತಿ. ನನಗೆ ಒಪ್ಪಿಗೆ ಇಲ್ಲ. ಇದಕ್ಕಿಂತ ಹೆಚ್ಚು ರಕ್ತ ಹರಿಸಿದ ಎಷ್ಟೋ ಸಿನಿಮಾಗಳು ಎರಡನೇ ವಾರ ಕಾಣಲಿಲ್ಲ. ಜನರನ್ನು ಹಿಡಿದು ಕೂರಿಸಿದ್ದು ಸಾಲ ಅಂತ ನನ್ನ ನಂಬಿಕೆ. ಎರಡನೇ ಎಪಿಸೋಡ್ ನೆನಪಿಸಿಕೊಳ್ಳಿ. ಅದರಲ್ಲಿ ಆಟವೇ ಇಲ್ಲ. ಬದುಕಿ ಉಳಿದ 201 ಜನ ಮತ ಹಾಕುತ್ತಾರೆ, ಒಂದೇ ಮತದ ಅಂತರದಲ್ಲಿ ಎಲ್ಲರೂ ಮನೆಗೆ ಹೋಗುತ್ತಾರೆ. ಹೋದವರಲ್ಲಿ 187 ಜನ ತಾವಾಗೇ ವಾಪಸ್ ಬರುತ್ತಾರೆ. ಸಾಯುತ್ತೇವೆ ಅಂತ ಗೊತ್ತಿದ್ದೂ ಬರುತ್ತಾರೆ, ಯಾಕೆಂದರೆ ಹೊರಗೆ ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಪ್ರಕಾರ ಆ ಎಪಿಸೋಡ್ ಇಲ್ಲದಿದ್ದರೆ ಈ ಸರಣಿ ಇಷ್ಟು ದೂರ ಹೋಗುತ್ತಿರಲಿಲ್ಲ. ನಿಮಗೇನನ್ನಿಸುತ್ತದೆ?

ಬಳ್ಳಾರಿ_ಬಿಸಿಲು
ಸಾಲ ಎಲ್ಲ ಆಮೇಲೆ ಸರ್. ಆ ದೊಡ್ಡ ಗೊಂಬೆ ಕತ್ತು ತಿರುಗಿಸಿದಾಗ ಎದೆ ಝಲ್ ಅಂತು. ಅಲ್ಲಿಂದ ಬಿಡಲಾಗಲಿಲ್ಲ. ನೋಡಿದ ಮುಕ್ಕಾಲು ಜನರ ಕತೆ ಇಷ್ಟೇ.

ಲೆಕ್ಕದ_ಪುಸ್ತಕ
14.2 ಕೋಟಿ ಅನ್ನುವುದನ್ನು ಸ್ವಲ್ಪ ಜೋಪಾನವಾಗಿ ಹೇಳಬೇಕು. ಆಗ ನೆಟ್‌ಫ್ಲಿಕ್ಸ್ ಲೆಕ್ಕ ಹೇಗಿತ್ತು ಅಂದರೆ ಎರಡು ನಿಮಿಷ ನೋಡಿದರೂ ಒಂದು ಮನೆ ನೋಡಿದ ಹಾಗೆ. ನಂಬುವುದಾದರೆ ಗಂಟೆಗಳ ಲೆಕ್ಕ ನಂಬಿ. ಮೊದಲ 28 ದಿನದಲ್ಲಿ 165 ಕೋಟಿ ಗಂಟೆ ನೋಡಲಾಗಿದೆ. ಅದು ಸುಮ್ನೆ ಹಾಕಿ ಬಿಟ್ಟವರ ತಲೆ ಎಣಿಕೆ ಅಲ್ಲ, ನೋಡಿದ ಹೊತ್ತಿನ ಲೆಕ್ಕ. ನಿಮ್ಮ ವಾದಕ್ಕೂ ಅದೇ ಜಾಸ್ತಿ ಬಲ.

ಕುಂಟೆಬಿಲ್ಲೆ
ಇಬ್ಬರೂ ಒಂದು ಮುಖ್ಯ ಕಾರಣ ಬಿಟ್ಟಿರಿ. ಆಟಗಳು ಸುಲಭ! ಓಡು, ನಿಲ್ಲು. ಹಗ್ಗ ಜಗ್ಗಾಟ. ಗೋಲಿ. ಬ್ರೆಜಿಲ್‌ನಲ್ಲಿ ಕೂತವರಿಗೂ ಬೀದರ್‌ನಲ್ಲಿ ಕೂತವರಿಗೂ ಮೂವತ್ತು ಸೆಕೆಂಡಿನಲ್ಲಿ ನಿಯಮ ಅರ್ಥವಾಗುತ್ತದೆ. ಇದೇ ಥರದ ಜಪಾನಿ ಕತೆಗಳಲ್ಲಿ ಆಟದ ನಿಯಮ ವಿವರಿಸುವುದಕ್ಕೇ ಅರ್ಧ ಎಪಿಸೋಡ್ ಹೋಗುತ್ತದೆ, ಗೆಲ್ಲುವವನು ದೊಡ್ಡ ಬುದ್ಧಿವಂತ. ಇಲ್ಲಿ ಬುದ್ಧಿವಂತಿಕೆಗೆ ಅಷ್ಟು ಜಾಗ ಇಲ್ಲ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಕೂಡ ಸಂದರ್ಶನಗಳಲ್ಲಿ ಇದನ್ನೇ ಹೇಳಿದ್ದಾರೆ. ಆಟ ಸರಳವಾಗಿದ್ದರೆ ನೋಡುವವರ ಗಮನ ಆಡುವ ಮನುಷ್ಯರ ಮೇಲೆ ನಿಲ್ಲುತ್ತದೆ ಅಂತ.

ಗೋಲಿ ಆಟದ ಎಪಿಸೋಡ್ ನಾನು ಇನ್ನೊಂದು ಸಲ ನೋಡಲಾರೆ. ಅದರಲ್ಲಿ ಸಾವು ಜಾಸ್ತಿ ತೋರಿಸುವುದೂ ಇಲ್ಲ, ಬರೀ ಸದ್ದು. ಗಂಡ ಹೆಂಡತಿ ಜೋಡಿಯಾಗಿ ನಿಲ್ಲುತ್ತಾರೆ, ಆಮೇಲೆ ತಿಳಿಯುತ್ತದೆ ಜೋಡಿಯೇ ಎದುರಾಳಿ ಅಂತ.

ಬಳ್ಳಾರಿ_ಬಿಸಿಲು
ಅಕ್ಕ, ಕೂಲಿ ಹುಡುಗ ಅಲಿಗೆ ಅವನ ಜೋಡಿ ಸಾಂಗ್-ವೂ ಮಾಡಿದ ಮೋಸ ಹೇಳಲೇ ಇಲ್ಲವಲ್ಲ. ಗೋಲಿ ಚೀಲದಲ್ಲಿ ಕಲ್ಲು ತುಂಬಿ ಕೊಟ್ಟ.

ಕುಂಟೆಬಿಲ್ಲೆ
ಹೇಳಿದರೆ ಈಗಲೂ ಸಿಟ್ಟು ಬರುತ್ತದೆ, ಅದಕ್ಕೇ ಬಿಟ್ಟೆ.

ಸುವಾನ್_ಕನ್ನಡಿಗ
ನಾನು ಕೊರಿಯಾದ ಸುವಾನ್‌ನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ಸಹೋದ್ಯೋಗಿಗಳ ಜತೆ ಈ ಸರಣಿ ಬಗ್ಗೆ ಮಾತಾಡಿದಾಗ ತಿಳಿದ ಕೆಲವು ಸಂಗತಿ ಹೇಳುತ್ತೇನೆ. ತುಂಗಾತೀರ ಅವರ ಮಾತಿಗೆ ನೇರವಾಗಿ ಸೇರುತ್ತವೆ.

ನಾಯಕ ಗಿ-ಹುನ್ ಜೂಜುಕೋರ, ಅಮ್ಮನ ದುಡ್ಡು ಕದಿಯುವವನು ಅಂತ ಮೊದಲು ತೋರಿಸುತ್ತಾರೆ. ಆಮೇಲೆ ಒಂದು ರಾತ್ರಿ ಕಾವಲು ಕೂತಾಗ ಅವನಿಗೆ ಹಳೆಯದು ನೆನಪಾಗುತ್ತದೆ. ಕಾರು ಕಂಪನಿಯಲ್ಲಿ ದುಡಿಯುತ್ತಿದ್ದ, ಕೆಲಸದಿಂದ ತೆಗೆದರು, ಮುಷ್ಕರದಲ್ಲಿ ಜತೆಯವನು ಕಣ್ಣೆದುರೇ ಸತ್ತ. ಸರಣಿಯಲ್ಲಿ ಕಂಪನಿಯ ಹೆಸರು ಕಾಲ್ಪನಿಕ, ಹಿಂದಿರುವ ಮುಷ್ಕರ ನಿಜ. 2009ರಲ್ಲಿ ಪ್ಯೊಂಗ್‌ಟೇಕ್‌ನ ಸಾಂಗ್‌ಯಾಂಗ್ ಮೋಟಾರ್ ಕಾರ್ಖಾನೆಯಲ್ಲಿ ನಡೆದದ್ದು. ತಾನು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಅಂತ ಹ್ವಾಂಗ್ ಹೇಳಿದ್ದಾರೆ. 2,646 ಜನರನ್ನು ತೆಗೆಯುವುದಾಗಿ ಕಂಪನಿ ಪ್ರಕಟಿಸಿತು. ಕಾರ್ಮಿಕರು 77 ದಿನ ಕಾರ್ಖಾನೆ ಒಳಗೇ ಕೂತರು. ಪೊಲೀಸರು ಹೆಲಿಕಾಪ್ಟರ್‌ನಿಂದ ಅಶ್ರುವಾಯು ದ್ರವ ಸುರಿದು ಒಳಗೆ ನುಗ್ಗಿದರು. ನಂತರದ ವರ್ಷಗಳಲ್ಲಿ ಕಾರ್ಮಿಕರು, ಮನೆಯವರು ಸೇರಿ ಸುಮಾರು 30 ಜನ ತೀರಿಕೊಂಡರು, ಅದರಲ್ಲಿ ಆತ್ಮಹತ್ಯೆಗಳೂ ಇದ್ದವು.

ಸಾಲದ ವಿಷಯ ಇಲ್ಲಿ ಬರುತ್ತದೆ. ಮುಷ್ಕರದಿಂದ ಆದ ನಷ್ಟ ಕಟ್ಟಿಕೊಡಿ ಅಂತ ಕಂಪನಿ, ಪೊಲೀಸ್ ಇಬ್ಬರೂ ಕಾರ್ಮಿಕರ ಮೇಲೆ ದಾವೆ ಹೂಡಿದರು. 2013ರಲ್ಲಿ ಕೋರ್ಟ್ ಸುಮಾರು 470 ಕೋಟಿ ವೊನ್ ಕಟ್ಟಬೇಕು ಅಂತ ಹೇಳಿತು. ಕೆಲಸ ಕಳೆದುಕೊಂಡವರು ಎಲ್ಲಿಂದ ತರಬೇಕು? ಆಗ ಒಬ್ಬ ಮಹಿಳೆ ಒಂದು ವಾರಪತ್ರಿಕೆಗೆ ಲಕೋಟೆಯಲ್ಲಿ 47,000 ವೊನ್ ಇಟ್ಟು ಕಳಿಸಿದರು. ಹೀಗೆ ಒಂದು ಲಕ್ಷ ಜನ ಕೊಟ್ಟರೆ ಆ ಮೊತ್ತ ತೀರುತ್ತದೆ ಅಂತ ಲೆಕ್ಕ. ಸಾವಿರಾರು ಜನ ಕೊಟ್ಟರು, ಅದು ಚಳವಳಿಯೇ ಆಯಿತು. ಆ ಹಳದಿ ಲಕೋಟೆಯ ಹೆಸರಿನಲ್ಲೇ ಜನ ಕರೆಯುವ ಕಾನೂನು, ಅಂದರೆ ಮುಷ್ಕರ ಮಾಡಿದವರ ಮೇಲೆ ಹೀಗೆ ನಷ್ಟದ ಹೊರೆ ಹಾಕುವುದಕ್ಕೆ ಮಿತಿ ಹಾಕುವ ಕಾನೂನು, 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು.

ಇದು ಗೊತ್ತಿದ್ದು ಆ ದೃಶ್ಯ ನೋಡಿದರೆ ಗಿ-ಹುನ್ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ.

ಮಂಡ್ಯ_ಮಾತು
ಸಾಂಗ್‌ಯಾಂಗ್ ಅಂದರೆ ನಮ್ಮ ಮಹೀಂದ್ರಾದವರು ಕೊಂಡಿದ್ದ ಕಂಪನಿ ತಾನೆ? ಹಾಗಾದರೆ ಮುಷ್ಕರ ಮುರಿದದ್ದು ಇವರಾ?

ಸುವಾನ್_ಕನ್ನಡಿಗ
ಇಲ್ಲ. ಕಂಪನಿ ಒಂದೇ, ಕಾಲ ಬೇರೆ. ಮುಷ್ಕರ 2009ರದ್ದು, ಆಗ ಮಾಲೀಕತ್ವ ಚೀನಾ ಕಂಪನಿಯದ್ದು, ದಿವಾಳಿ ಪ್ರಕ್ರಿಯೆ ನಡೆಯುತ್ತಿತ್ತು. ಮಹೀಂದ್ರಾ ಕೊಂಡದ್ದು 2011ರಲ್ಲಿ. ಕೆಲಸ ಕಳೆದುಕೊಂಡವರನ್ನು ವಾಪಸ್ ಸೇರಿಸಿಕೊಳ್ಳಬೇಕು ಅನ್ನುವ ಜಗಳ ಇವರ ಕಾಲದಲ್ಲೂ ನಡೆಯಿತು, ಕೊನೆಯ ಗುಂಪು ಒಳಗೆ ಹೋದದ್ದು 2020ರಲ್ಲಿ. ಅದೇ ವರ್ಷ ಮಹೀಂದ್ರಾ ಇನ್ನು ದುಡ್ಡು ಹಾಕುವುದಿಲ್ಲ ಅಂತು. ಈಗ ಅದು ಕೆಜಿ ಮೊಬಿಲಿಟಿ.

ಶಾಂತಲಾ_ಟೀಚರ್
ನೀವೆಲ್ಲ ದೊಡ್ಡವರ ಕಣ್ಣಿನಿಂದ ಮಾತಾಡುತ್ತಿದ್ದೀರಿ. ನಾನು ಐದನೇ ಕ್ಲಾಸಿಗೆ ಪಾಠ ಮಾಡುವವಳು. ಮಕ್ಕಳು ಬಿಡುವಿನಲ್ಲಿ ಈ ಆಟ ಆಡುತ್ತಿದ್ದರು. ಅಲ್ಲಾಡಿದವನಿಗೆ ಉಳಿದವರು ಕೈಯಲ್ಲಿ ಬಂದೂಕು ಮಾಡಿ ಗುಂಡು ಹೊಡೆದ ಹಾಗೆ ಮಾಡಿ, ಆಮೇಲೆ ನಿಜವಾಗಿ ಬೆನ್ನಿಗೆ ಬಾರಿಸುತ್ತಿದ್ದರು. ಒಬ್ಬ ಹುಡುಗ ಅಳುತ್ತಾ ಬಂದ. ಸರಣಿ 18 ದಾಟಿದವರಿಗೆ, ಕೊರಿಯಾದಲ್ಲೂ ಹಾಗೇ. ಈ ಮಕ್ಕಳಿಗೆ ವಯಸ್ಸು ಹತ್ತು! ಕೇಳಿದರೆ ಪೂರ್ತಿ ಸರಣಿ ನೋಡಿಲ್ಲ, ಮೊಬೈಲ್‌ನಲ್ಲಿ ಚಿಕ್ಕ ಚಿಕ್ಕ ವಿಡಿಯೊ ನೋಡಿದ್ದಾರೆ. ಅಂದರೆ ಗುಂಡು ಹೊಡೆಯುವ ಭಾಗ ಮಾತ್ರ ಅವರಿಗೆ ಸಿಕ್ಕಿದೆ. ಸಾಲ, ಮುಷ್ಕರ, ಅಮ್ಮನ ಕಾಯಿಲೆ ಯಾವುದೂ ಸಿಕ್ಕಿಲ್ಲ.

ಬೆಲ್ಜಿಯಂನ ಒಂದು ಶಾಲೆ 2021ರಲ್ಲೇ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು, ಸೋತ ಮಕ್ಕಳಿಗೆ ಹೊಡೆಯುತ್ತಿದ್ದಾರೆ ಅಂತ. ಇಂಗ್ಲೆಂಡಿನ ಸೆಂಟ್ರಲ್ ಬೆಡ್‌ಫರ್ಡ್‌ಶೈರ್ ಕೌನ್ಸಿಲ್ ಕೂಡ ಪತ್ರ ಬರೆದಿತ್ತು. ಜನಪ್ರಿಯತೆ ಅಂತ ಕೊಂಡಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನನ್ನ ವಿನಂತಿ.

ಬಳ್ಳಾರಿ_ಬಿಸಿಲು
ಮೇಡಂ, ನಾವು ಚಿಕ್ಕವರಿದ್ದಾಗ ಕಳ್ಳ ಪೊಲೀಸ್ ಆಡಿ ಹೊಡೆದಾಡಲಿಲ್ಲವಾ? ಸರಣಿ ಮೇಲೆ ಹಾಕಿದರೆ ಹೇಗೆ?

ಶಾಂತಲಾ_ಟೀಚರ್
ಆಡುತ್ತಿದ್ದೆವು. ಆದರೆ ಸೋತವನನ್ನು ಎಲ್ಲರೂ ಸೇರಿ ಹೊಡೆಯಬೇಕು ಅನ್ನುವ ನಿಯಮ ಇರಲಿಲ್ಲ. ಇಲ್ಲಿ ಅದೇ ಆಟದ ಮಜಾ ಅಂತ ಮಕ್ಕಳು ಕಲಿತಿದ್ದಾರೆ.

ಹೊಳೆನರಸೀಪುರ_ಪುಟ್ಟ
ಟೀಚರ್ ಹೇಳಿದ್ದು ಸರಿ. ನನ್ನ ಅಕ್ಕನ ಮಗ ಆ ವೃತ್ತ, ತ್ರಿಕೋನ, ಚೌಕ ಇರುವ ಮುಖವಾಡ ಬೇಕು ಅಂತ ಹಟ ಹಿಡಿದು ಜಾತ್ರೆಯಲ್ಲಿ ಕೊಡಿಸಿಕೊಂಡ. ಅದು ಯಾರು ಹಾಕುವುದು ಅಂತ ಕೇಳಿದರೆ 'ಶೂಟ್ ಮಾಡುವ ಅಂಕಲ್' ಅಂದ. ಏಳು ವರ್ಷ ಅವನಿಗೆ.

ಮೀಟರ್_ಬಡ್ಡಿ_ವಿರೋಧಿ
ಮೂಲ ವಿಷಯಕ್ಕೆ ಬರುತ್ತೇನೆ. ಸಾಲದ ಮಾತಿಗೆ ನನ್ನ ಪೂರ್ತಿ ಬೆಂಬಲ. 2021ರಲ್ಲಿ ಕೊರಿಯಾದ ಕುಟುಂಬಗಳ ಒಟ್ಟು ಸಾಲ ಆ ದೇಶದ ಒಂದು ವರ್ಷದ ಜಿಡಿಪಿಯನ್ನೇ ದಾಟಿತ್ತು. ಅಂಥ ದೇಶದಲ್ಲಿ ಇಂಥ ಕತೆ ಹುಟ್ಟದೆ ಇನ್ನೇನು ಹುಟ್ಟಬೇಕು? ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಓದಿದ ಸಾಂಗ್-ವೂ ಕೂಡ ಅದೇ ಹಾಲ್‌ನಲ್ಲಿ ಮಲಗುತ್ತಾನೆ ನೋಡಿ. ಅವನ ಅಮ್ಮ ಮೀನು ಮಾರುತ್ತಾ ಮಗ ಅಮೆರಿಕಕ್ಕೆ ಹೋಗಿದ್ದಾನೆ ಅಂತ ಎಲ್ಲರಿಗೂ ಹೇಳುತ್ತಿರುತ್ತಾಳೆ.

ನಮ್ಮ ಕಡೆ ಹಳ್ಳಿಯಲ್ಲಿ ಈ ಸರಣಿ ನೋಡಿದವರು ಕಡಿಮೆ. ಆದರೆ ಆ ಹೆದರಿಕೆ ಎಲ್ಲರಿಗೂ ಗೊತ್ತು. ನನ್ನ ಚಿಕ್ಕಮ್ಮ ಒಂದು ಫೈನಾನ್ಸ್‌ನವರಿಂದ ಸಾಲ ತೆಗೆದುಕೊಂಡಿದ್ದರು. ಕಂತು ಕಟ್ಟಲಿಲ್ಲ ಅಂದರೆ ಸಂಜೆ ಮನೆ ಜಗಲಿ ಮೇಲೆ ಬಂದು ಕೂರುತ್ತಿದ್ದರು, ಕೊಡುವ ತನಕ ಏಳುತ್ತಿರಲಿಲ್ಲ. ಅದೇ ಗುಂಪಿನ ಬೇರೆ ಹೆಂಗಸರ ಕೈಲೇ ಬಯ್ಯಿಸುತ್ತಿದ್ದರು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಲ್ಲ. ಈ ಸರಣಿಯಲ್ಲಿ ನನಗೆ ತಾಗಿದ್ದು ಇದೇ. ಮುಖವಾಡದವರಿಗಿಂತ ಜಾಸ್ತಿ ಕಾಟ ಪಕ್ಕದ ಮಂಚದವರದ್ದು.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಕುಳ ತಡೆಯುವುದಕ್ಕೆ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಊರು ಬಿಟ್ಟಿದ್ದವು.

ತುಂಗಾತೀರ
ಪಕ್ಕದ ಮಂಚದವರು ಅನ್ನುವ ಮಾತು ತುಂಬಾ ಸರಿ. ಒಬ್ಬ ಸತ್ತರೆ ಮೇಲೆ ತೂಗುವ ಹಂದಿ ಹುಂಡಿಗೆ 10 ಕೋಟಿ ವೊನ್ ಬೀಳುತ್ತದೆ, ನಮ್ಮ ದುಡ್ಡಿನಲ್ಲಿ 60 ಲಕ್ಷದ ಹತ್ತಿರ. ದುಡ್ಡು ಬೀಳುವುದನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಮುಖದಲ್ಲಿ ಹೆದರಿಕೆ ಮತ್ತು ಆಸೆ ಎರಡೂ ಒಟ್ಟಿಗೆ ಕಾಣುತ್ತವೆ. ನಟರು ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಲೀ ಜಂಗ್-ಜೇಗೆ 2022ರಲ್ಲಿ ಎಮ್ಮಿ ಬಂದದ್ದು ಸುಮ್ನೆ ಅಲ್ಲ. ಇಂಗ್ಲಿಷ್ ಅಲ್ಲದ ಸರಣಿಯ ನಾಯಕನಟನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಗುಲ್ಬರ್ಗಾ_ಗೆಳೆಯ
ಅಲಿ ಪಾತ್ರ ಮಾಡಿದವನು ನಮ್ಮ ದೆಹಲಿ ಹುಡುಗ ಅನುಪಮ್ ತ್ರಿಪಾಠಿ. ಪಾಕಿಸ್ತಾನದವನಾಗಿ ನಟಿಸಿದ್ದಾನೆ. ಭಾರತದವನು ಅಂತಲೇ ತೋರಿಸಬಹುದಿತ್ತಲ್ಲ?

ಸುವಾನ್_ಕನ್ನಡಿಗ
ಅದಕ್ಕೆ ಕಾರಣ ಇದೆ ಅಂತ ನನ್ನ ಅನಿಸಿಕೆ. ಕೊರಿಯಾದ ಸಣ್ಣ ಕಾರ್ಖಾನೆಗಳಿಗೆ ಹೊರದೇಶದ ಕೂಲಿಯವರು ಬರುವುದು 2004ರಲ್ಲಿ ಶುರುವಾದ ಒಂದು ಪರವಾನಗಿ ವ್ಯವಸ್ಥೆಯಲ್ಲಿ. ಅದರಲ್ಲಿ ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಇವೆ, ಭಾರತ ಇಲ್ಲ. ಇಲ್ಲಿರುವ ಭಾರತೀಯರಲ್ಲಿ ನನ್ನ ಥರ ಕಂಪನಿಯವರು, ವಿದ್ಯಾರ್ಥಿಗಳೇ ಜಾಸ್ತಿ. ಆ ವ್ಯವಸ್ಥೆಯಲ್ಲಿ ಬಂದವರು ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಾಯಿಸುವುದು ಬಹಳ ಕಷ್ಟ. ಅಲಿಗೆ ಯಂತ್ರದಲ್ಲಿ ಬೆರಳು ಹೋಗಿದೆ, ತಿಂಗಳುಗಟ್ಟಲೆ ಸಂಬಳ ಬಂದಿಲ್ಲ, ಆದರೂ ಅದೇ ಮಾಲೀಕನ ಹತ್ತಿರ ಕೈಮುಗಿದು ಹೋಗುತ್ತಾನೆ. ಇಲ್ಲಿ ದುಡಿಯುವ ನೇಪಾಳದ ಗೆಳೆಯರೊಬ್ಬರು ಆ ದೃಶ್ಯ ಬಂದಾಗ ಟಿವಿ ಆರಿಸಿದರು.

ಅನುಪಮ್ 2010ರಲ್ಲಿ ನಾಟಕ ಕಲಿಯುವುದಕ್ಕೆ ಸ್ಕಾಲರ್‌ಶಿಪ್ ಮೇಲೆ ಇಲ್ಲಿಗೆ ಬಂದವರು. ಆ ಕೊರಿಯನ್ ಮಾತು ಅವರದ್ದೇ, ಡಬ್ಬಿಂಗ್ ಅಲ್ಲ.

ಸಿನಿಹುಚ್ಚು_ಸಾಗರ
ಎಲ್ಲರೂ ಹೊಗಳುತ್ತಿದ್ದೀರಿ. ಇದು ಕದ್ದ ಮಾಲು ಅಂತ ಯಾರಿಗೂ ಅನ್ನಿಸಲಿಲ್ಲವಾ? 2014ರ ಒಂದು ಜಪಾನಿ ಸಿನಿಮಾದಲ್ಲಿ ಇದೇ ನಿಲ್ಲು-ಓಡು ಆಟ, ಅಲ್ಲೂ ಒಂದು ಗೊಂಬೆ, ಅಲ್ಲಾಡಿದರೆ ಸಾವು. 2009ರ ಒಂದು ಹಿಂದಿ ಸಿನಿಮಾದ ನಿರ್ದೇಶಕರು 2024ರಲ್ಲಿ ಅಮೆರಿಕದಲ್ಲಿ ಕೇಸು ಹಾಕಿದರು, ಸಾಲಗಾರರನ್ನು ದುಡ್ಡಿನ ಆಸೆಗೆ ಸಾವಿನ ಆಟಕ್ಕೆ ಕರೆಯುವ ಕತೆ ನಮ್ಮದು ಅಂತ.

ಕುಂಟೆಬಿಲ್ಲೆ
ಸಾಗರ ಅವರೇ, ಕದ್ದದ್ದು ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ಹ್ವಾಂಗ್ 2008ರಲ್ಲಿ ಯೋಚಿಸಿ 2009ರಲ್ಲಿ ಚಿತ್ರಕತೆ ಮುಗಿಸಿದ್ದರು. ಆ ಜಪಾನಿ ಸಿನಿಮಾ ಬಂದದ್ದು ಅದಾದ ಐದು ವರ್ಷಕ್ಕೆ. ಜಪಾನಿ ಕಾಮಿಕ್ಸ್ ಓದಿ ಪ್ರೇರಣೆ ಪಡೆದೆ ಅಂತ ಅವರೇ ಒಪ್ಪಿದ್ದಾರೆ, ಮುಚ್ಚಿಟ್ಟಿಲ್ಲ. ಆಗ ಅವರಿಗೇ ದುಡ್ಡಿಲ್ಲ. ಕಾಮಿಕ್ಸ್ ಅಂಗಡಿಯಲ್ಲಿ ಕೂತು ಓದುತ್ತಿದ್ದರು. ಬರೆಯುತ್ತಿದ್ದ ಲ್ಯಾಪ್‌ಟಾಪ್ ಅನ್ನೇ ಮಾರಿದರು. ನಿರ್ಮಾಪಕರು ಹತ್ತು ವರ್ಷ ಬೇಡ ಅಂದರು, ಇದೆಲ್ಲ ನಂಬುವ ಹಾಗಿಲ್ಲ, ತುಂಬಾ ಕ್ರೂರ ಅಂತ. ಆ ಹಿಂದಿ ಸಿನಿಮಾದವರ ಆರೋಪವನ್ನು ನೆಟ್‌ಫ್ಲಿಕ್ಸ್ ತಳ್ಳಿಹಾಕಿದೆ.

ಸಿನಿಹುಚ್ಚು_ಸಾಗರ
ಯೋಚನೆ ಮೊದಲೇ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ಗೊಂಬೆಯ ದೃಶ್ಯ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಕುಂಟೆಬಿಲ್ಲೆ
ನೋಡಿದ್ದೇನೆ. ಅಲ್ಲಿ ಹೈಸ್ಕೂಲ್ ಮಕ್ಕಳು, ಯಾಕೆ ಸಾಯುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ಇಲ್ಲಿ ಸಹಿ ಹಾಕಿ ಬಂದವರು. ನನಗೆ ಆ ಸಹಿಯೇ ಕತೆ.

ರಾಣೆಬೆನ್ನೂರು_ರಾಗಿ
ಎರಡನೇ, ಮೂರನೇ ಸೀಸನ್ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ? ನನಗೆ ಬಹಳ ಬೇಸರ ಆಯಿತು. ಗಿ-ಹುನ್ ವಾಪಸ್ ಹೋಗಿ ಅದೇ ಆಟ, ಅದೇ ಭಾಷಣ. ಒಂದರಲ್ಲಿ ಮುಗಿಸಿದ್ದರೆ ಗೌರವ ಉಳಿಯುತ್ತಿತ್ತು. ಮೂರನೇ ಸೀಸನ್ ಕೊನೆಯಲ್ಲಿ ಆ ಮಗು

ಗುಲ್ಬರ್ಗಾ_ಗೆಳೆಯ
ಅಣ್ಣಾ ಅಲ್ಲೇ ನಿಲ್ಲಿಸಿ! ನಾನು ಮೂರನೆಯದು ಇನ್ನೂ ನೋಡಿಲ್ಲ.

ತುಂಗಾತೀರ
ಕೊನೆ ಹೇಳದೆ ಮಾತಾಡಿ, ದಯವಿಟ್ಟು.

ಲೆಕ್ಕದ_ಪುಸ್ತಕ
ಬೇಸರ ಆಗಿರಬಹುದು, ನೋಡುವುದನ್ನು ಮಾತ್ರ ಜನ ಬಿಡಲಿಲ್ಲ. ಎರಡನೆಯದಕ್ಕೆ 2024ರ ಡಿಸೆಂಬರ್ 26ರಿಂದ ಮೊದಲ ನಾಲ್ಕು ದಿನದಲ್ಲಿ 6.8 ಕೋಟಿ ವೀಕ್ಷಣೆ. ಮೂರನೆಯದಕ್ಕೆ 2025ರ ಜೂನ್ 27ರಿಂದ ಮೂರೇ ದಿನದಲ್ಲಿ 6 ಕೋಟಿ ದಾಟಿತು.

ಸುವಾನ್_ಕನ್ನಡಿಗ
ಎರಡನೇ ಸೀಸನ್ ಇಲ್ಲಿ ಕೂತು ನೋಡಿದವರಿಗೆ ಬೇರೆ ಥರ ತಟ್ಟಿತು. ಅದೇ ಡಿಸೆಂಬರ್ 3ರ ರಾತ್ರಿ ಆಗಿನ ಅಧ್ಯಕ್ಷ ಯೂನ್ ಸೇನಾಡಳಿತ (ಮಾರ್ಷಲ್ ಲಾ) ಘೋಷಿಸಿದ್ದರು. ಸಂಸದರು ಗೋಡೆ ಹಾರಿ ಸಂಸತ್ತಿಗೆ ಹೋಗಿ ಅದನ್ನು ರದ್ದು ಮಾಡಿದರು. ಮುಂದಿನ ವಾರಗಳಲ್ಲಿ ದಿನಾ ರಸ್ತೆಯಲ್ಲಿ ಎರಡು ಗುಂಪು, ಒಂದು ಅಧ್ಯಕ್ಷರ ಪರ, ಒಂದು ವಿರುದ್ಧ. ಅದರ ನಡುವೆ ಈ ಸೀಸನ್ ಬಂತು. ಪ್ರತಿ ಆಟ ಮುಗಿದ ಮೇಲೆ ಮುಂದುವರಿಯಬೇಕಾ ಬೇಡವಾ ಅಂತ ಮತ, ಎದೆಗೆ ಬಣ್ಣದ ಗುರುತು, ಒಂದೇ ಹಾಲ್‌ನಲ್ಲಿ ಗೆರೆ ಎಳೆದು ಎರಡು ಪಕ್ಷ. ಬರೆದದ್ದು ಬಹಳ ಮೊದಲೇ, ಆದರೂ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೂ ಅದನ್ನು ಬರೀ ಆಟ ಅಂತ ಮಾತಾಡಲಿಲ್ಲ. ಹಾಗಾಗಿ ರಾಗಿ ಅವರೇ, ಎರಡನೆಯದು ನನಗೆ ಇಷ್ಟ. ಮೂರನೆಯದರಲ್ಲಿ ಆಟ ನೋಡುವುದಕ್ಕೆ ಬರುವ ಮುಖವಾಡದ ಶ್ರೀಮಂತರ ದೃಶ್ಯಗಳು ಮಾತ್ರ ಸಹಿಸಲಾಗಲಿಲ್ಲ.

ರಾಣೆಬೆನ್ನೂರು_ರಾಗಿ
ಆ ಶ್ರೀಮಂತರ ವಿಷಯದಲ್ಲಿ ನಿಮ್ಮ ಪಕ್ಷಕ್ಕೆ ನನ್ನ ಮತ. ಉಳಿದದ್ದರಲ್ಲಿ ಇಲ್ಲ.

ಮಂಡ್ಯ_ಮಾತು
ನನಗೆ ನಿಜವಾಗಿ ಅಸಹ್ಯ ಆದದ್ದು ನೆಟ್‌ಫ್ಲಿಕ್ಸ್ 2023ರ ನವೆಂಬರ್‌ನಲ್ಲಿ ಮಾಡಿದ ರಿಯಾಲಿಟಿ ಶೋ. 456 ನಿಜವಾದ ಜನ, 45.6 ಲಕ್ಷ ಡಾಲರ್ ಬಹುಮಾನ, ಅದೇ ಹಸಿರು ಬಟ್ಟೆ. ಬಡವರ ಕಷ್ಟ ನೋಡಿ ಮಜಾ ಮಾಡುವ ಶ್ರೀಮಂತರ ಕತೆ ಹೇಳಿ, ಆಮೇಲೆ ನಮ್ಮನ್ನೇ ಆ ಸೋಫಾ ಮೇಲೆ ಕೂರಿಸಿದರು. ಸಾಲ ತೀರಿಸಬೇಕು ಅಂತ ಅಳುವವರನ್ನು ಹತ್ತಿರದಿಂದ ತೋರಿಸಿದರು. ಒಂದು ಎಪಿಸೋಡ್ ನೋಡಿ ಬಿಟ್ಟೆ.

ಹೊಳೆನರಸೀಪುರ_ಪುಟ್ಟ
ಅಲ್ಲಿ ಯಾರೂ ಸಾಯುವುದಿಲ್ಲವಲ್ಲ. ಗೆದ್ದವರಿಗೆ ದುಡ್ಡು ಸಿಕ್ಕಿತು. ತಪ್ಪೇನು?

ಮಂಡ್ಯ_ಮಾತು
ಸಾಯದಿದ್ದರೆ ಸಾಕಾ ತಮ್ಮಾ? ಮೊದಲ ಆಟದ ಶೂಟಿಂಗ್‌ನಲ್ಲಿ ಚಳಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲಿಸಿದರು ಅಂತ ಭಾಗವಹಿಸಿದವರೇ ದೂರು ಹೇಳಿದ್ದರು.

ಭದ್ರಾವತಿ_ಬಾಯ್ಲರ್
ಕನ್ನಡದಲ್ಲಿ ಡಬ್ ಯಾಕಿಲ್ಲ ಅನ್ನುವುದು ನನ್ನ ಸಿಟ್ಟು. ಹಿಂದಿ, ತಮಿಳು, ತೆಲುಗು ಇದೆ. ನಮ್ಮ ಅಪ್ಪ ಕೊನೆಗೆ ತೆಲುಗಿನಲ್ಲಿ ನೋಡಿದರು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿ ಇಷ್ಟು ವರ್ಷ ಆಯಿತು. ಈಗಂತೂ ನಾವು ಕೇಳದಿದ್ದರೆ ಅವರು ಕೊಡುವುದಿಲ್ಲ. ಎಲ್ಲರೂ ನೆಟ್‌ಫ್ಲಿಕ್ಸ್‌ಗೆ ಕೋರಿಕೆ ಕಳಿಸಿ.

ಶಾಂತಲಾ_ಟೀಚರ್
ಕಳಿಸೋಣ. ಜತೆಗೆ ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲೇ ಇದೆ.

ಮೀಟರ್_ಬಡ್ಡಿ_ವಿರೋಧಿ
ಇಷ್ಟೆಲ್ಲ ದುಡ್ಡು ಬಂತಲ್ಲ, ಬರೆದವನಿಗೆ ಎಷ್ಟು ಸಿಕ್ಕಿತು? ಯಾರಿಗಾದರೂ ಗೊತ್ತಾ?

ಕುಂಟೆಬಿಲ್ಲೆ
ಮೊದಲ ಸೀಸನ್‌ನಲ್ಲಿ ಒಪ್ಪಂದದ ಸಂಭಾವನೆ ಮಾತ್ರ. ಖರ್ಚು ಸುಮಾರು 2.14 ಕೋಟಿ ಡಾಲರ್. ಅದರಿಂದ ಬಂದ ಮೌಲ್ಯ 89 ಕೋಟಿ ಡಾಲರ್ ಅಂತ ನೆಟ್‌ಫ್ಲಿಕ್ಸ್‌ನ ಒಳಗಿನ ದಾಖಲೆ ಹೊರಬಿದ್ದಾಗ ತಿಳಿಯಿತು. ಕತೆಯ ಹಕ್ಕು ಪೂರ್ತಿ ಕಂಪನಿಯದ್ದು. ಹ್ವಾಂಗ್‌ಗೆ ಶೂಟಿಂಗ್ ಒತ್ತಡದಲ್ಲಿ ಆರು ಹಲ್ಲು ಬಿದ್ದವು. ಮುಂದಿನ ಸೀಸನ್‌ಗೆ ಒಪ್ಪಿದ್ದಕ್ಕೆ ದುಡ್ಡೂ ಒಂದು ಕಾರಣ ಅಂತ ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಅಲ್ಲಿನ ನಿರ್ದೇಶಕರ ಸಂಘ ಕಾನೂನು ಬದಲಾಗಬೇಕು ಅಂತ ಕೇಳುತ್ತಿದೆ.

ಲೆಕ್ಕದ_ಪುಸ್ತಕ
ಭಾರತದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಇದೆ. ಚಿತ್ರಕತೆ, ಹಾಡು ಬರೆದವರ ರಾಯಲ್ಟಿಯನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಕಡೆ ಬಳಸಿದರೆ ಪಾಲು ಕೊಡಬೇಕು.

ಸಿನಿಹುಚ್ಚು_ಸಾಗರ
ಕಾನೂನು ಪುಸ್ತಕದಲ್ಲಿದೆ ಸರ್. ನಾನು ಒಂದು ಧಾರಾವಾಹಿಗೆ ಸಂಭಾಷಣೆ ಬರೆದವನು. ರಾಯಲ್ಟಿ ಬಿಡಿ, ಕೊನೆಯ ತಿಂಗಳ ಪೇಮೆಂಟ್ ಇನ್ನೂ ಬಂದಿಲ್ಲ.

ಮೀಟರ್_ಬಡ್ಡಿ_ವಿರೋಧಿ
ಸಾಗರ್, ಒಪ್ಪಂದದ ಪ್ರತಿ ಇಟ್ಟುಕೊಂಡಿದ್ದೀರಾ? ಇದ್ದರೆ ಖಾಸಗಿಯಾಗಿ ಮೆಸೇಜ್ ಮಾಡಿ. ನನ್ನ ಗೆಳೆಯರೊಬ್ಬರು ವಕೀಲರಿದ್ದಾರೆ, ನೋಟಿಸ್ ಬರೆದುಕೊಡುತ್ತಾರೆ.